ತುಳಿದಾಗ ‘ಕಟ್’ ಎನ್ನುವ ಫೈಬರ್ ಸೈಕಲ್: ದೋಷ ಹುಡುಕುವ ಕ್ರಮ

ಸವಾರನ ಭಾರಕ್ಕೆ ಬಲಪೆಡಲ್ ಕೆಳಗಿಳಿಯುವಾಗ ಪ್ರತಿ ಸುತ್ತಿಗೂ ಒಂದು ಸಲ ‘ಕಟ್’ ಎಂಬ ಸದ್ದು ಬರುತ್ತದೆ. ಇಳಿದು ನಿಂತು ಕೈಯಿಂದ ಪೆಡಲ್ ತಿರುಗಿಸಿದರೆ ಯಾವ ಸದ್ದೂ ಇಲ್ಲ. ಒಡಲಿನ ಮೇಲೆ ಕೂದಲೆಳೆಯಂಥ ಕೆಲವು ಬಿರುಕುಗಳು ಕಾಣುತ್ತವೆ, ಆದರೆ ಅವು ಪೆಡಲಿನ ಹತ್ತಿರವಿರದೆ ಸೀಟಿನ ಕೆಳಗಿವೆ. ನನ್ನಲ್ಲಿರುವ ಎರಡು ಹಳೆಯ ಫೈಬರ್‌ಗ್ಲಾಸ್ ಸೈಕಲ್ಲುಗಳಲ್ಲೂ ಬೇರೆ ಬೇರೆ ವರ್ಷಗಳಲ್ಲಿ ಕಾಣಿಸಿಕೊಂಡ ದೋಷ ಇದೇ ಆಗಿತ್ತು. ಮೊದಲನೆಯದರಲ್ಲಿ ನಾನು ಕಂಡ ಬಿರುಕನ್ನೇ ಅಪರಾಧಿಯೆಂದು ತೀರ್ಮಾನಿಸಿ, ಅದನ್ನು ಉಜ್ಜಿ, ಮೂರು ಪದರ ಗಾಜಿನ ನಾರಿನ ಮ್ಯಾಟ್ ಹಾಕಿ, ಬಣ್ಣ ಹೊಂದಿಸಿ ಮುಗಿಸಿದೆ. ಮೂರು ವಾರಗಳಲ್ಲಿ ಸದ್ದು ಮರಳಿತು, ಹಳೆಯ ಬಣ್ಣವಂತೂ ಮತ್ತೆ ಬರಲಿಲ್ಲ. ಆದ್ದರಿಂದ ಈ ಬರಹದ ಹೆಚ್ಚಿನ ಭಾಗ ರಿಪೇರಿಯ ಕುರಿತಾದುದಲ್ಲ, ರಿಪೇರಿಗೆ ಕೈಹಾಕುವ ಮೊದಲು ಮಾಡಬೇಕಾದ ಪರೀಕ್ಷೆಗಳ ಕುರಿತಾದುದು.

ಇಂಥ ಸೈಕಲ್ಲಿನ ರಚನೆಯನ್ನು ಮೊದಲು ತಿಳಿದಿರಬೇಕು. ಈ ಜಾತಿಯಲ್ಲಿ ಎಲ್ಲರೂ ಹೆಸರಿಸುವುದು ಬೌಡೆನ್ ಸ್ಪೇಸ್‌ಲ್ಯಾಂಡರನ್ನು. ಇಂಗ್ಲೆಂಡಿನ ವಿನ್ಯಾಸಕಾರ ಬೆಂಜಮಿನ್ ಬೌಡೆನ್ ಅದರ ಮೂಲ ರೂಪವನ್ನು 1946ರಲ್ಲಿ ಲಂಡನ್ನಿನ ಪ್ರದರ್ಶನವೊಂದರಲ್ಲಿ ತೋರಿಸಿದರು. ಫೈಬರ್‌ಗ್ಲಾಸ್ ಒಡಲಿನ ರೂಪದಲ್ಲಿ ಅದು ಮಾರಾಟಕ್ಕೆ ಬಂದದ್ದು 1960ರಲ್ಲಿ, ಅಮೆರಿಕದಲ್ಲಿ. ಮಾರಾಟವಾದದ್ದು ಸುಮಾರು 522 ಎಂಬ ಲೆಕ್ಕ ಪ್ರಚಲಿತವಾಗಿದೆ. ಒಂದು ಬ್ರೂಕ್ಲಿನ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ. 1980ರ ದಶಕದಿಂದೀಚೆಗೆ ಅದರ ಪ್ರತಿಕೃತಿಗಳೂ ತಯಾರಾದವು. ನಮ್ಮ ಕಾಸರಗೋಡಿನ ಕಡೆ ಮೂಲದ್ದು ಸಿಗುತ್ತದೆಂದು ಯಾರೂ ಆಸೆಪಡಬೇಕಾಗಿಲ್ಲ. ಬದಿಯಡ್ಕದ ಹತ್ತಿರದ ಒಂದು ಮನೆಯ ಅಟ್ಟದಲ್ಲಿ, ಗಲ್ಫಿನಿಂದ ಬಂದ ಸಾಮಾನುಗಳ ನಡುವೆ ನನಗೆ ಸಿಕ್ಕಿದ್ದು ಅದೇ ಮಾದರಿಯನ್ನು ನೋಡಿ ಮಾಡಿದ ಒಡಲು. ಎಡ ಬಲ ಎಂದು ಎರಡು ಚಿಪ್ಪುಗಳನ್ನು ಬೇರೆ ಬೇರೆ ಅಚ್ಚಿನಲ್ಲಿ ತೆಗೆದು, ನಡುವೆ ಅಂಟಿಸಿ ಒಂದು ಮಾಡಿರುತ್ತಾರೆ. ಒಳಗೆ ಪ್ರತ್ಯೇಕ ಚೌಕಟ್ಟಿಲ್ಲ, ಒಡಲೇ ಚೌಕಟ್ಟು. ಆದರೆ ಬಿ.ಬಿ. (ಬಾಟಮ್ ಬ್ರ್ಯಾಕೆಟ್, ಅಂದರೆ ಪೆಡಲುಗಳ ನಡುವಿನ ತಿರುಗುವ ಭಾಗ) ಆಕ್ಸಲ್, ಸೀಟ್ ಪಿಲ್ಲರ್, ಫೋರ್ಕಿನ ಬೇರಿಂಗ್, ಹಿಂಚಕ್ರದ ಆಕ್ಸಲ್ ಇವು ನೇರವಾಗಿ ಫೈಬರಿನಲ್ಲಿ ಕೂರುವುದು ಸಾಧ್ಯವಿಲ್ಲವಾದ್ದರಿಂದ, ಆ ನಾಲ್ಕು ಕಡೆಗಳಲ್ಲಿ ಕಬ್ಬಿಣದ ಕೊಳವೆ ಅಥವಾ ಪಟ್ಟಿಯನ್ನು ಇಟ್ಟು, ಸುತ್ತ ಮ್ಯಾಟ್ ಮತ್ತು ರೆಸಿನ್ (ಆಮೇಲೆ ಗಟ್ಟಿಯಾಗುವ ಅಂಟುದ್ರವ) ಹಾಕಿ ಹೂತಿರುತ್ತಾರೆ. ಕಬ್ಬಿಣವೂ ಫೈಬರೂ ಕೂಡುವ ಈ ನಾಲ್ಕು ಜಾಗಗಳೇ ನಮ್ಮ ಶೋಧದ ಕೊನೆಯ ನಿಲ್ದಾಣ. ಅಲ್ಲಿಗೆ ನೇರವಾಗಿ ಹೋಗದಿರುವುದಕ್ಕೆ ಕಾರಣವಿದೆ: ಅಲ್ಲಿ ನೋಡಬೇಕಾದರೆ ಬಿಚ್ಚಬೇಕು, ಕೆಲವೊಮ್ಮೆ ಕೊರೆಯಬೇಕು, ಮತ್ತು ಹಳೆಯ ವಸ್ತುವಿನಲ್ಲಿ ಒಮ್ಮೆ ಕೊರೆದದ್ದನ್ನು ಹಿಂದಕ್ಕೆ ತರಲಾಗುವುದಿಲ್ಲ.

ವಸ್ತು ಯಾವುದೆಂದು ಖಚಿತಪಡಿಸಿಕೊಳ್ಳುವುದು

ಪ್ಲಾಸ್ಟಿಕ್ಕಿನಂತೆ ಕಾಣುವುದೆಲ್ಲ ಕೈಯಲ್ಲಿ ಹಾಸಿದ ಫೈಬರ್‌ಗ್ಲಾಸ್ ಅಲ್ಲ. ಸ್ವೀಡನ್ನಿನಲ್ಲಿ 1982ರಿಂದ ಮೂರು ವರ್ಷಗಳ ಮಟ್ಟಿಗೆ ತಯಾರಾದ ಇಟೆರಾ ಸೈಕಲ್ಲಿನ ಚೌಕಟ್ಟಿನಲ್ಲೂ ಗಾಜಿನ ನಾರು ಇತ್ತು, ಆದರೆ ಅದು ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಒತ್ತಿ ಮಾಡಿದ್ದು. ಅಂಥದ್ದರ ಮೇಲೆ ರೆಸಿನ್ ಹಚ್ಚಿದರೆ ಒಣಗಿದ ಮೇಲೆ ಹಪ್ಪಳದಂತೆ ಎದ್ದುಬರುತ್ತದೆ. ಪರೀಕ್ಷೆ ಸುಲಭವಾಗಿದೆ. ಒಡಲಿನ ಒಳಭಾಗದಲ್ಲಿ, ಹೊರಗೆ ಕಾಣದ ಒಂದು ಅಂಚಿಗೆ ಕೆಂಪಗೆ ಕಾಯಿಸಿದ ಸೂಜಿಯನ್ನು ತಾಗಿಸಬೇಕು. ಸೂಜಿ ಮೇಣಕ್ಕೆ ಇಳಿದಂತೆ ಇಳಿದು ಸುತ್ತ ಉಬ್ಬಿದ ಅಂಚು ಮೂಡಿದರೆ ಅದು ಕರಗುವ ಪ್ಲಾಸ್ಟಿಕ್, ಈ ಬರಹ ಅದಕ್ಕೆ ಅನ್ವಯಿಸುವುದಿಲ್ಲ. ಸೂಜಿ ಒಳಗಿಳಿಯದೆ ಜಾಗ ಕರಿದಾಗಿ, ದೋಣಿ ರಿಪೇರಿಯ ಶೆಡ್ಡಿನಲ್ಲಿ ಬರುವಂಥ ಕಟುವಾಸನೆ ಬಂದರೆ ಪಾಲಿಯೆಸ್ಟರ್ ರೆಸಿನ್ನಿನ ಫೈಬರ್ ಎಂದು ಮುಂದುವರಿಯಬಹುದು.

ಸದ್ದು ಒಡಲಿನದೋ, ಬಿಡಿಭಾಗದ್ದೋ

ಟೊಳ್ಳಾದ ಒಡಲು ಮದ್ದಳೆಯ ಹಾಗೆ ವರ್ತಿಸುತ್ತದೆ. ಹಿಂಚಕ್ರದ ನಟ್ ಸಡಿಲವಾಗಿದ್ದರೂ ಸದ್ದು ಸೀಟಿನ ಕೆಳಗಿಂದಲೇ ಬಂದಂತೆ ಕೇಳಿಸುವುದರಿಂದ, ಕಿವಿಗೆ ಕೇಳಿದ ದಿಕ್ಕನ್ನು ಈ ಹಂತದಲ್ಲಿ ನಂಬಬಾರದು. ನಂಬಬಹುದಾದದ್ದು ಸದ್ದಿನ ಲೆಕ್ಕವನ್ನು. ನನ್ನ ಸೈಕಲ್ಲಿಗೆ ಹಿಂದಿನವರು ಹಾಕಿಸಿದ್ದು ನಮ್ಮ ಊರಿನ ಸಾಮಾನ್ಯ ಸೈಕಲ್ಲಿನ ಚೈನ್ ವೀಲ್. ಅದರಲ್ಲಿ 44 ಹಲ್ಲುಗಳಿವೆ, ಫ್ರೀವೀಲಿನಲ್ಲಿ 18. ಅಂದರೆ ಪೆಡಲ್ ಒಂದು ಸುತ್ತು ಬರುವಷ್ಟರಲ್ಲಿ ಹಿಂಚಕ್ರ ಸುಮಾರು ಎರಡೂವರೆ ಸುತ್ತು ಬರುತ್ತದೆ. 112 ಕೊಂಡಿಗಳ ಚೈನ್ ಪೂರ್ತಿ ಒಂದು ಬಾರಿ ಸುತ್ತಿ ಬರಲು ಪೆಡಲಿನ ಎರಡೂವರೆ ಸುತ್ತು ಬೇಕು. ಹಾಗಾಗಿ ಸದ್ದು ಪೆಡಲಿನ ಸುತ್ತಿಗೆ ಎರಡು, ಮೂರು ಸಲ ಬರುತ್ತಿದ್ದರೆ ದೋಷ ಹಿಂಚಕ್ರದಲ್ಲಿ. ಎರಡು, ಮೂರು ಸುತ್ತಿಗೆ ಒಮ್ಮೆ ಬರುತ್ತಿದ್ದರೆ ಚೈನಿನ ಬಿಗಿದ ಕೊಂಡಿಯಲ್ಲಿ. ಪ್ರತಿ ಸುತ್ತಿಗೆ ಸರಿಯಾಗಿ ಒಮ್ಮೆ ಬಂದರೆ ಮಾತ್ರ ಪೆಡಲ್, ಅದನ್ನು ಹಿಡಿದ ಕ್ರ್ಯಾಂಕ್ ಎಂಬ ತೋಳು, ಬಿ.ಬಿ. ಮತ್ತು ಅವನ್ನು ಹೊತ್ತ ಒಡಲಿನ ಕಡೆ ತಿರುಗಬೇಕು.

ಅನಂತರ ಸೀಟಿನಿಂದ ಎದ್ದು ನಿಂತು ತುಳಿಯಬೇಕು. ಸದ್ದು ನಿಂತರೆ ಸೀಟಿನ ಸ್ಪ್ರಿಂಗ್ ಅಥವಾ ಪಿಲ್ಲರ್ ಕಾರಣವಾಗಿರುತ್ತದೆ. ಪೆಡಲುಗಳನ್ನು ಬಿಚ್ಚಿ ಗ್ರೀಸ್ ಹಚ್ಚಿ ಹಾಕಬೇಕು; ಎಡಪೆಡಲಿನದು ತಿರುವು ಮುರುವಾದ ಮರೆ (ಥ್ರೆಡ್) ಎಂಬುದನ್ನು ಮರೆತು ಪಾನಾ ಹಾಕಿ ಬಲಪ್ರಯೋಗ ಮಾಡಿದವರನ್ನು ನಾನು ನೋಡಿದ್ದೇನೆ. ಕ್ರ್ಯಾಂಕನ್ನು ಆಕ್ಸಲಿಗೆ ಬಿಗಿಯುವ ಕಾಟರ್ ಪಿನ್ ಸವೆದಿದ್ದರೆ ಸದ್ದಿನ ಜೊತೆಗೆ ಕಾಲಿಗೆ ಸಣ್ಣ ಜಾರುವಿಕೆಯೂ ತಿಳಿಯುತ್ತದೆ. ಹೊಸ ಪಿನ್ನಿಗೆ ಹೆಚ್ಚು ಹಣವಾಗದ ಕಾರಣ ಅನುಮಾನವಿದ್ದರೆ ಬದಲಿಸಿಬಿಡುವುದೇ ಒಳ್ಳೆಯದು.

ಇಷ್ಟಾದ ಮೇಲೂ ಸದ್ದು ಉಳಿದರೆ ಗೋಡೆ ಪರೀಕ್ಷೆ ಮಾಡಬೇಕು. ಮುಂಚಕ್ರವನ್ನು ಗೋಡೆಗೆ ತಾಗಿಸಿ, ಎರಡೂ ಬ್ರೇಕ್ ಹಿಡಿದು, ಬಲಪೆಡಲನ್ನು ಮುಂದಕ್ಕೆ ನೆಲಕ್ಕೆ ಸಮಾನಾಂತರವಾಗಿ ನಿಲ್ಲಿಸಿ, ಅದರ ಮೇಲೆ ನಿಧಾನವಾಗಿ ಭಾರ ಹಾಕಿ ಬಿಡಬೇಕು. ಇಲ್ಲಿ ಏನೂ ತಿರುಗುವುದಿಲ್ಲ. ಭಾರ ಮಾತ್ರ ಬಂದು ಹೋಗುತ್ತದೆ. ಆದರೂ ‘ಕಟ್’ ಎಂದರೆ ಬೇರಿಂಗಿನ ಗುಂಡುಗಳು, ಅವು ಕೂರುವ ಕಪ್ಪುಗಳು ಬಹುಮಟ್ಟಿಗೆ ನಿರಪರಾಧಿಗಳು. ಎಲ್ಲೋ ಎರಡು ವಸ್ತುಗಳು ಒಂದರ ಮೇಲೊಂದು ಸರಿಯುತ್ತಿವೆ ಎಂದು ಅರ್ಥ. ಈ ಹಂತಕ್ಕೆ ಬಂದ ಮೇಲೆ ಒಡಲನ್ನು ಪರೀಕ್ಷಿಸಲು ತೊಡಗಬೇಕು.

ಮೈಮೇಲಿನ ಬಿರುಕುಗಳನ್ನು ಓದುವುದು

ಹೊರಗೆ ಕಾಣುವ ಹೊಳಪಿನ ಪದರವನ್ನು ಜೆಲ್‌ಕೋಟ್ ಎನ್ನುತ್ತಾರೆ. ಅದರ ದಪ್ಪ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸು. ಅದರಲ್ಲಿ ನಾರಿಲ್ಲ, ಆದ್ದರಿಂದ ಅದು ಗಾಜಿನಂತೆ ಪೆಡಸು. ಕೆಳಗಿನ ನಾರಿನ ಪದರ ಬಾಗಿ ಹಿಂದಿರುಗಬಲ್ಲದು, ಜೆಲ್‌ಕೋಟ್ ಬಾಗಲಾರದೆ ಬಿರಿಯುತ್ತದೆ. ಬಿರುಕಿನ ಆಕಾರ ಏನಾಯಿತೆಂಬುದನ್ನು ಹೇಳುತ್ತದೆ. ಒಂದು ಬಿಂದುವಿನಿಂದ ನಕ್ಷತ್ರದಂತೆ ಹರಡಿದ್ದರೆ ಅಲ್ಲಿ ಎಂದೋ ಪೆಟ್ಟು ಬಿದ್ದಿದೆ. ಗದ್ದೆ ಒಣಗಿದಾಗಿನ ನೆಲದಂತೆ ಎಲ್ಲೆಡೆ ಚೌಕ ಚೌಕವಾಗಿ ಒಡೆದಿದ್ದರೆ ಅದು ವಯಸ್ಸು ಮತ್ತು ಬಿಸಿಲಿನ ಪರಿಣಾಮ, ಜೆಲ್‌ಕೋಟನ್ನು ಅತಿ ದಪ್ಪವಾಗಿ ಬಳಿದದ್ದೂ ಕಾರಣವಾಗಿರಬಹುದು. ಈ ಎರಡಕ್ಕೂ ನಮ್ಮ ಸದ್ದಿಗೂ ಹೆಚ್ಚಿನ ಸಂಬಂಧವಿಲ್ಲ. ಗಮನಿಸಬೇಕಾದದ್ದು ಮೂರನೆಯದನ್ನು: ಒಂದಕ್ಕೊಂದು ಸಮಾನಾಂತರವಾಗಿ ಸಾಗುವ ಸಣ್ಣ ಗೆರೆಗಳು. ಆ ಜಾಗ ಮತ್ತೆ ಮತ್ತೆ ಬಾಗುತ್ತಿದೆ ಎಂಬುದರ ಗುರುತು ಅದು. ನನ್ನ ಸೈಕಲ್ಲಿನ ಸೀಟಿನ ಕೆಳಗೆ ಇದ್ದದ್ದು ಅಂಥವೇ ನಾಲ್ಕು ಗೆರೆಗಳು. ಜಾಗ ಬಾಗುತ್ತಿದೆ ಎಂಬಲ್ಲಿಯವರೆಗೆ ನಾನು ಸರಿಯಾಗಿ ಓದಿದ್ದೆ. ಅದು ಬಾಗುತ್ತಿರುವುದು ಕೆಳಗಡೆ ಇನ್ನೇನೋ ತನ್ನ ಭಾರ ಹೊರುವುದನ್ನು ಬಿಟ್ಟುಕೊಟ್ಟದ್ದರಿಂದ ಎಂಬುದು ಮಾತ್ರ ಹೊಳೆಯಲಿಲ್ಲ.

ಬಿರುಕು ಜೆಲ್‌ಕೋಟಿನಲ್ಲಿ ಮುಗಿದಿದೆಯೋ ನಾರಿನೊಳಗೆ ಇಳಿದಿದೆಯೋ ಎಂದು ತಿಳಿಯಲು ಅಸಿಟೋನ್ ಸಾಕು. ಬಿಳಿ ಹತ್ತಿಬಟ್ಟೆಗೆ ಸ್ವಲ್ಪ ಹಾಕಿ ಬಿರುಕಿನ ಮೇಲೆ ಒಮ್ಮೆ ಒರೆಸಿ ಹತ್ತು ಸೆಕೆಂಡ್ ನೋಡುತ್ತಿರಬೇಕು. ಮೇಲ್ಮೈ ಕೂಡಲೇ ಆರುತ್ತದೆ, ಬಿರುಕಿನೊಳಗೆ ಇಳಿದದ್ದು ತಡವಾಗಿ ಆರುತ್ತದೆ; ಆಳವಾದ ಬಿರುಕು ಆ ಹೊತ್ತಿನಲ್ಲಿ ಒದ್ದೆಯಾದ ಕಪ್ಪುಗೆರೆಯಾಗಿ ಎದ್ದು ಕಾಣುತ್ತದೆ. ಮೂಲ ಬಣ್ಣ ಉಳಿದಿರುವ ಸೈಕಲ್ಲಾದರೆ ಮೊದಲು ಅಡಿಭಾಗದಲ್ಲಿ ಪ್ರಯೋಗಿಸಿ ನೋಡುವುದು ಕ್ಷೇಮ, ಏಕೆಂದರೆ ಮೇಲೆ ಬಳಿದ ಬಣ್ಣ ಅಸಿಟೋನಿಗೆ ಕರಗಬಹುದು. ದೀಪದ ಪರೀಕ್ಷೆಯೂ ಇದೆ. ರಾತ್ರಿ ದೀಪ ಆರಿಸಿ, ಮುಂದೀಪದ ರಂಧ್ರದಿಂದ ಒಡಲಿನೊಳಗೆ ಟಾರ್ಚ್ ಇಟ್ಟರೆ ತೆಳುಬಣ್ಣದ ಜಾಗಗಳಲ್ಲಿ ನಾರು ಬಿಟ್ಟ ತಾಣ ಮಸುಕು ಮಚ್ಚೆಯಾಗಿ ತೋರುತ್ತದೆ. ಕಪ್ಪು ಅಥವಾ ಗಾಢ ನೀಲಿಯ ಒಡಲಿನಲ್ಲಿ ಇದರಿಂದ ಪ್ರಯೋಜನವಿಲ್ಲ.

ನಾಣ್ಯದಿಂದ ತಟ್ಟುವುದು

ಐದು ರೂಪಾಯಿಯ ಹಳೆಯ ದಪ್ಪ ನಾಣ್ಯದ ಅಂಚಿನಿಂದ, ಎರಡೆರಡು ಸೆಂಟಿಮೀಟರಿಗೆ ಒಮ್ಮೆ, ಒಂದೇ ಬಲದಿಂದ ಒಡಲನ್ನು ತಟ್ಟುತ್ತಾ ಹೋಗಬೇಕು. ಗಟ್ಟಿಯಾದ ಜಾಗ ‘ಟಿಣ್’ ಎಂದು ಚುರುಕಾಗಿ ಉತ್ತರಿಸುತ್ತದೆ. ಪದರ ಬಿಟ್ಟ ಜಾಗ ‘ದಬ್’ ಎಂದು ಮಂಕಾಗಿ ನುಡಿಯುತ್ತದೆ. ತೆಂಗಿನಕಾಯಿ ಬಡಿದು ನೋಡಿ ಆರಿಸುವ ಮನೆಯಲ್ಲಿ ಬೆಳೆದವರಿಗೆ ಇದನ್ನು ಕಲಿಸಬೇಕಾಗಿಲ್ಲ. ಮಂಕಾದ ಜಾಗದ ಗಡಿಯನ್ನು ಪೆನ್ಸಿಲಿನಿಂದ ಗುರುತಿಸಿ ಫೋಟೋ ತೆಗೆದಿಟ್ಟುಕೊಳ್ಳಬೇಕು. ಒಳಗೆ ಕಬ್ಬಿಣ ಹೂತ ಕಡೆ ಸದ್ದು ಸಹಜವಾಗಿಯೇ ಬದಲಾಗುವುದರಿಂದ ಎಡಭಾಗದ ಒಂದು ಬಿಂದುವನ್ನು ತಟ್ಟಿದ ಕೂಡಲೇ ಬಲಭಾಗದ ಅದೇ ಬಿಂದುವನ್ನು ತಟ್ಟಿ ಹೋಲಿಸಬೇಕು. ಎರಡು ಚಿಪ್ಪುಗಳು ಕೂಡುವ ನಡುಗೆರೆಯುದ್ದಕ್ಕೂ ಇದೇ ಕ್ರಮವನ್ನು ಅನುಸರಿಸಬೇಕು. ಅಂಟು ಬಿಟ್ಟಿದ್ದರೆ ಅಲ್ಲಿ ತೆಳುವಾದ ಉಕ್ಕಿನ ಅಳತೆಪಟ್ಟಿಯ ಮೂಲೆ ಒಳಗೆ ಹೋಗುವುದೂ ಉಂಟು.

ನನ್ನ ಸೈಕಲ್ಲಿನಲ್ಲಿ ಸೀಟಿನ ಕೆಳಗೆ, ನಾನು ಹೊಸ ಮ್ಯಾಟ್ ಹಾಕಿದ್ದ ಜಾಗ, ಊರಿಗೆಲ್ಲ ಕೇಳುವಂತೆ ‘ಟಿಣ್’ ಎಂದಿತು. ಮಂಕು ಸದ್ದು ಬಂದದ್ದು ಅಲ್ಲಿಂದ ಒಂದು ಗೇಣು ಕೆಳಗೆ, ಯಾವ ಬಿರುಕೂ ಇಲ್ಲದೆ ನುಣುಪಾಗಿದ್ದ ಬಿ.ಬಿ. ಕೊಳವೆಯ ಬಲಮಗ್ಗುಲಿನಲ್ಲಿ.

ಕಬ್ಬಿಣ ಮತ್ತು ಫೈಬರ್ ಕೂಡುವಲ್ಲಿ

ಈ ಹಂತದಲ್ಲಿ ನನಗೆ ದಾರಿ ತೋರಿಸಿದವರು ಕಾಸರಗೋಡಿನ ಕಡಪ್ಪುರದಲ್ಲಿ ಫೈಬರ್ ದೋಣಿಗಳನ್ನು ಸರಿಪಡಿಸುವ ಒಬ್ಬ ಹಿರಿಯರು. ಮರದ ದೋಣಿಗಳ ಜಾಗಕ್ಕೆ ಫೈಬರ್ ಬಂದ ಮೇಲೆ ನಮ್ಮ ಕರಾವಳಿಯಲ್ಲಿ ಈ ವಿದ್ಯೆ ತಿಳಿದವರಿಗೆ ಕೊರತೆಯಿಲ್ಲ. ಸೈಕಲ್ ಸಂಗ್ರಹಕಾರರು ದೂರದೂರಿನ ತಜ್ಞರನ್ನು ಹುಡುಕುವ ಮೊದಲು ಹತ್ತಿರದ ದೋಣಿಯವರನ್ನು ಕೇಳುವುದು ಮೇಲೆಂದು ನನ್ನ ಅಭಿಪ್ರಾಯ. ಅವರು ಸೈಕಲ್ಲನ್ನು ನೋಡಿ ನಗಲಿಲ್ಲ. ಮಗನನ್ನು ಪೆಡಲಿನ ಮೇಲೆ ಭಾರ ಹಾಕಲು ಹೇಳಿ, ತಾವು ಕಣ್ಣುಮುಚ್ಚಿ, ಬಲಗೈಯ ತೋರುಬೆರಳು ಕಬ್ಬಿಣದ ಕೊಳವೆಯ ಅಂಚಿನ ಮೇಲೂ ನಡುಬೆರಳು ಪಕ್ಕದ ಫೈಬರಿನ ಮೇಲೂ ಇರುವಂತೆ ಇಟ್ಟುಕೊಂಡು ಕುಳಿತರು. ನಾಲ್ಕನೆಯ ಸಲಕ್ಕೆ, “ಇಲ್ಲಿ ನೋಡಿ ಮಾಷ್ಟ್ರೇ, ಎರಡು ಬೆರಳಿಗೂ ಒಟ್ಟಿಗೆ ತಾಗುವುದಿಲ್ಲ” ಎಂದು ನನ್ನ ಕೈ ಹಿಡಿದು ಅದೇ ಜಾಗದಲ್ಲಿ ಇಟ್ಟರು. ಕೊಳವೆ ಮೊದಲು ಕದಲಿ, ಫೈಬರ್ ಒಂದು ಕ್ಷಣ ತಡವಾಗಿ ಹಿಂಬಾಲಿಸುವುದು ಬೆರಳಿಗೆ ಸ್ಪಷ್ಟವಾಗಿ ತಿಳಿಯಿತು. ದೋಣಿಯಲ್ಲಿ ಇಂಜಿನ್ ಕೂರಿಸುವ ಬೋಲ್ಟುಗಳ ಸುತ್ತ ಇದೇ ಆಗುತ್ತದೆ ಎಂದು ಅವರು ಹೇಳಿದರು.

ಬೆರಳನ್ನು ನಂಬಲಾರದವರಿಗೆ ಕಣ್ಣಿನ ಸಾಕ್ಷಿಯೂ ಸಿಗುತ್ತದೆ. ಕ್ರ್ಯಾಂಕುಗಳನ್ನೂ ಬಿ.ಬಿ. ಆಕ್ಸಲನ್ನೂ ತೆಗೆದು, ಕೊಳವೆಯ ಅಂಚನ್ನು ಒರೆಸಿ ಶುಚಿಮಾಡಿ, ಕಬ್ಬಿಣದಿಂದ ಫೈಬರಿನ ಮೇಲಕ್ಕೆ ಹಾಯುವಂತೆ ಸಪೂರ ಪೆನ್ನಿನಿಂದ ನಾಲ್ಕು ದಿಕ್ಕಿಗೆ ನಾಲ್ಕು ಅಡ್ಡಗೆರೆ ಎಳೆಯಬೇಕು. ಕೊಳವೆಯೊಳಗೆ ಬಟ್ಟೆ ಸುತ್ತಿದ ಎರಡಡಿ ಉದ್ದದ ಮರದ ಗೂಟವನ್ನು ಬಿಗಿಯಾಗಿ ತುರುಕಿ, ಅದರ ತುದಿಯನ್ನು ಹಿಡಿದು ಮೇಲೆ ಕೆಳಗೆ ಮೆಲ್ಲಗೆ ಅಲುಗಿಸಬೇಕು. ಸನ್ನೆಗೋಲಿನ ಬಲ ದೊಡ್ಡದು, ಕೈಯ ಭಾರಕ್ಕಿಂತ ಹೆಚ್ಚು ಹಾಕಬಾರದು. ಭೂತಗನ್ನಡಿಯಲ್ಲಿ ನೋಡಿದಾಗ ಗೆರೆ ಕಬ್ಬಿಣದ ಗಡಿಯಲ್ಲಿ ತುಂಡಾಗಿ ಮೆಟ್ಟಿಲಿನಂತೆ ಸರಿಯುತ್ತಿದ್ದರೆ ತೀರ್ಪು ಸಿಕ್ಕಿತು. ನನ್ನಲ್ಲಿ ಬಲಬದಿಯ ಎರಡು ಗೆರೆಗಳು ಸರಿದವು, ಎಡಬದಿಯವು ಸರಿಯಲಿಲ್ಲ. ಇನ್ನೊಂದು ಗುರುತು ಬಣ್ಣ. ಸಡಿಲಾದ ಕೊಳವೆ ಫೈಬರಿಗೆ ಉಜ್ಜಿ ಉಜ್ಜಿ ತುಕ್ಕಿನ ಹುಡಿ ಮಾಡುತ್ತದೆ. ತೇವದಲ್ಲಿ ಅದು ಕಡು ಚಹಾದ ಬಣ್ಣದ ಕೊಳೆಯಾಗಿ ಅಂಚಿನಲ್ಲಿ ಒಸರುತ್ತದೆ. ಅಂಥ ಕಲೆಯನ್ನು ನಾನು ಎರಡು ವರ್ಷ ಚೈನಿನ ಎಣ್ಣೆಯೆಂದು ಒರೆಸಿ ತೆಗೆಯುತ್ತಿದ್ದೆ.

ಅಂಟು ಏಕೆ ಬಿಡುತ್ತದೆ ಎಂಬುದನ್ನು ತಿಳಿಯದೆ ಮತ್ತೆ ಅಂಟಿಸಿದರೆ ಮತ್ತೆ ಬಿಡುತ್ತದೆ. ಪಾಲಿಯೆಸ್ಟರ್ ರೆಸಿನ್ ಗಾಜಿನ ನಾರಿಗೆ ಅಂಟುವಷ್ಟು ಚೆನ್ನಾಗಿ ಉಕ್ಕಿಗೆ ಅಂಟುವುದಿಲ್ಲ, ಗಟ್ಟಿಯಾಗುವಾಗ ಕುಗ್ಗುತ್ತದೆ ಕೂಡ. ಹೀಗಾಗಿ ಮೊದಲಿನಿಂದಲೂ ಆ ಬಂಧ ದುರ್ಬಲವಾದದ್ದೇ. ಅದರ ಮೇಲೆ ನೀರು ಸೇರಿದರೆ ಉಕ್ಕು ತುಕ್ಕಾಗುತ್ತದೆ, ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ, ಆ ಉಬ್ಬರ ಫೈಬರನ್ನು ಒಳಗಿನಿಂದ ತಳ್ಳಿ ಪದರ ಬಿಡಿಸುತ್ತದೆ. ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಸುರಿಯುವ, ಉಪ್ಪುಗಾಳಿ ಬೀಸುವ ನಮ್ಮ ಜಿಲ್ಲೆಯಲ್ಲಿ ಈ ಸರಪಳಿ ಬೇಗ ಬೇಗ ಸಾಗುತ್ತದೆ. ಹಾಗಾದರೆ ಮುಚ್ಚಿದ ಒಡಲಿನೊಳಗೆ ನೀರು ಹೇಗೆ ನಿಂತಿತು ಎಂಬ ಪ್ರಶ್ನೆ ಉಳಿಯುತ್ತದೆ. ಒಡಲಿನ ಅತಿ ತಗ್ಗಿನಲ್ಲಿ ನೀರು ಬಸಿಯಲೆಂದು ಒಂದು ಕಿರುರಂಧ್ರವಿತ್ತು. ಅದರೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿ ಬಿರಡೆಯಂತೆ ಮುಚ್ಚಿಬಿಟ್ಟಿತ್ತು. ತಂತಿಯಿಂದ ಚುಚ್ಚಿದಾಗ ಮೊದಲು ಒಣಗಿದ ಮಣ್ಣು, ಆಮೇಲೆ ಸತ್ತ ಜೇಡಗಳ ಒಂದು ಮುಷ್ಟಿ, ಕೊನೆಗೆ ಅರ್ಧ ಲೋಟದಷ್ಟು ಕಂದುನೀರು ಬಂತು. ಈ ಪರೀಕ್ಷೆಗೆ ಒಂದು ನಿಮಿಷ ಸಾಕು, ನಾನು ಮಾಡಿದ್ದು ಮಾತ್ರ ಎಲ್ಲದರ ಕೊನೆಗೆ.

ಒಣಗಿಸುವುದು

ನೀರುಂಡ ಫೈಬರಿನ ಮೇಲೆ ಯಾವ ರೆಸಿನ್ನೂ ನಿಲ್ಲುವುದಿಲ್ಲ. ಜೆಲ್‌ಕೋಟಿನಲ್ಲಿ ಅಲ್ಲಲ್ಲಿ ಗುಳ್ಳೆ ಎದ್ದಿದ್ದರೆ ಒಂದನ್ನು ಚುಚ್ಚಿ ನೋಡಬೇಕು. ಹುಳಿವಾಸನೆಯ ದ್ರವ ಹೊರಟರೆ ನೀರು ರೆಸಿನ್ನಿನೊಳಗೇ ಇಳಿದಿದೆ ಎಂದರ್ಥ, ಅಂಥದ್ದಕ್ಕೆ ವಾರಗಟ್ಟಲೆ ಒಣಗುವಿಕೆ ಬೇಕು. ಚುಚ್ಚುವಾಗ ಕಣ್ಣಿಗೆ ಕನ್ನಡಕವಿರಲಿ, ಒಳಗೆ ಒತ್ತಡವಿರುತ್ತದೆ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮಾಡಿನ ಮನೆಯೊಳಗೆ ಸೈಕಲ್ಲನ್ನು ಇಟ್ಟುಬಿಡುವ ಯೋಚನೆ ನಮ್ಮ ಕಡೆಯ ಎಲ್ಲರಿಗೂ ಬರುವಂಥದ್ದೇ, ಆದರೆ ಮಧ್ಯಾಹ್ನದ ಹೊತ್ತು ಅಲ್ಲಿ ಗಾಢಬಣ್ಣದ ಒಡಲು ಏರುವ ಬಿಸಿಗೆ ಹಳೆಯ ಪಾಲಿಯೆಸ್ಟರ್ ಮೆತ್ತಗಾಗಿ ಆಕಾರ ಬಿಡುವ ಅಪಾಯವಿದೆ. ಒಡಲಿನ ಮೈ 50 ಡಿಗ್ರಿ ಸೆಲ್ಸಿಯಸ್ ದಾಟದಂತೆ ನೋಡಿಕೊಳ್ಳಬೇಕು. ನಾನು ನೆರಳಿನಲ್ಲಿ, ಬಿ.ಬಿ. ಕೊಳವೆಯ ಹತ್ತಿರ ಒಂದು 60 ವ್ಯಾಟಿನ ಹಳೆಯ ಬಲ್ಬನ್ನು ಇಳಿಬಿಟ್ಟು, ಪಕ್ಕದಲ್ಲಿ ಫ್ಯಾನ್ ಹಾಕಿ ಒಣಗಿಸಿದೆ. ಪ್ರತಿದಿನ ಒಡಲನ್ನು ತೂಗಿ ಬರೆದಿಟ್ಟೆ. ಒಂಬತ್ತು ದಿನಗಳಲ್ಲಿ 180 ಗ್ರಾಂ ಇಳಿದು, ಆಮೇಲೆ ಮೂರು ದಿನ ತೂಕ ಬದಲಾಗಲಿಲ್ಲ. ತೂಕ ನಿಂತದ್ದೇ ಒಣಗಿದೆ ಎಂಬುದಕ್ಕೆ ಸಾಕ್ಷಿ. ಈ ಕೆಲಸಕ್ಕೆ ಡಿಸೆಂಬರದಿಂದ ಫೆಬ್ರವರಿಯವರೆಗಿನ ಕಾಲ ಒಳ್ಳೆಯದು. ಆಟಿಯ ಮಳೆಯಲ್ಲಿ ಪರೀಕ್ಷೆ ಮಾಡಬಹುದೇ ಹೊರತು ರೆಸಿನ್ನಿನ ಡಬ್ಬಿ ತೆರೆಯಬಾರದು.

ಸರಿಪಡಿಸುವುದು

ಕೊಳವೆಯನ್ನು ಪೂರ್ತಿ ಕೀಳಬೇಕೆಂದಿಲ್ಲ. ನನ್ನದರಲ್ಲಿ ಎಡಬದಿಯ ಬಂಧ ಗಟ್ಟಿಯಾಗಿದ್ದ ಕಾರಣ ಬಲಬದಿಯ ಫೈಬರನ್ನು ಮಾತ್ರ ಕೊಳವೆಯ ಸುತ್ತ ಇಳಿಜಾರಾಗಿ ಉಜ್ಜಿ ತೆಗೆದೆ. ಇಳಿಜಾರಿನ ಅಳತೆ ಮುಖ್ಯ: ದಪ್ಪದ ಹನ್ನೆರಡು ಪಟ್ಟು ಅಗಲ ಬೇಕು. ನಾಲ್ಕು ಮಿಲಿಮೀಟರ್ ದಪ್ಪವಿದ್ದರೆ ಸುಮಾರು 48 ಮಿಲಿಮೀಟರ್ ಅಗಲಕ್ಕೆ ಉಜ್ಜಬೇಕಾಗುತ್ತದೆ. ಇಷ್ಟು ಬಣ್ಣ ಹೋಗುತ್ತದಲ್ಲಾ ಎಂದು ಎದೆ ಹಿಂಡುತ್ತದೆ, ಆದರೆ ಕಡಿದಾದ ಅಂಚಿಗೆ ಹಾಸಿದ ಹೊಸ ಪದರ ಅದೇ ಅಂಚಿನಲ್ಲಿ ಮತ್ತೆ ಬಿರಿಯುತ್ತದೆ. ಬಿಳಿಚಿದ, ನಾರು ಬಿಚ್ಚಿದ ಭಾಗ ಮುಗಿದು ಅರೆಪಾರದರ್ಶಕವಾದ ಗಟ್ಟಿ ಪದರ ಕಾಣುವವರೆಗೂ ಉಜ್ಜುವುದನ್ನು ನಿಲ್ಲಿಸಬಾರದು. ಉಕ್ಕನ್ನು ತುಕ್ಕೆಲ್ಲ ಹೋಗಿ ಬೆಳ್ಳಗೆ ಹೊಳೆಯುವಂತೆ ಒರಟು ಎಮರಿ ಕಾಗದದಿಂದ ಉಜ್ಜಿ, ಅಸಿಟೋನಿನಿಂದ ಒರೆಸಿ, ಅದೇ ಗಂಟೆಯೊಳಗೆ ಅಂಟು ಹಚ್ಚಬೇಕು. ನಮ್ಮ ಹವೆಯಲ್ಲಿ ರಾತ್ರಿ ಬಿಟ್ಟರೆ ಬೆಳಿಗ್ಗೆಗೆ ಮತ್ತೆ ಕೆಂಪಾಗಿರುತ್ತದೆ. ಫೈಬರ್ ಹುಡಿಯಿಂದ ತುರಿಕೆಯಾಗದಿರಲೆಂದು ಕೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳುವ ರೂಢಿ ಕೆಲವರಲ್ಲಿದೆ. ಆ ಎಣ್ಣೆ ಅಂಟಬೇಕಾದ ಮೈಗೆ ತಾಗಿದರೆ ಬಂಧ ಅಲ್ಲೇ ಕೆಟ್ಟಿತು. ತೋಳುದ್ದದ ಅಂಗಿ, ಕೈಗವಸು, ಮೂಗಿಗೆ ಒಳ್ಳೆಯ ಮಾಸ್ಕ್ ಇಷ್ಟು ಸಾಕು.

ಇಲ್ಲಿ ಪಾಲಿಯೆಸ್ಟರಿನ ಬದಲು, ಎರಡು ಭಾಗ ಬೆರೆಸಿ ಗಟ್ಟಿಯಾಗಿಸುವ ಎಪಾಕ್ಸಿ ಎಂಬ ರೆಸಿನ್ನನ್ನೇ ಬಳಸಬೇಕು. ಅದು ಉಕ್ಕಿಗೂ ಹಳೆಯ ಪಾಲಿಯೆಸ್ಟರಿಗೂ ಚೆನ್ನಾಗಿ ಅಂಟುತ್ತದೆ. ಆದರೆ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಕತ್ತರಿಸಿದ ನಾರಿನ ಮ್ಯಾಟ್ ಎಪಾಕ್ಸಿಗೆ ಹೊಂದುವುದಿಲ್ಲ. ಆ ಮ್ಯಾಟಿನ ನಾರುಗಳನ್ನು ಹಿಡಿದಿಟ್ಟ ಅಂಟು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನಿಗೆ ಕರಗುವಂತೆ ಮಾಡಿದ್ದು, ಎಪಾಕ್ಸಿಯಲ್ಲಿ ಅದು ಕರಗದೆ ಮ್ಯಾಟ್ ರಟ್ಟಿನಂತೆ ಸೆಟೆದು ನಿಲ್ಲುತ್ತದೆ. ಹೆಣೆದ ಗಾಜುಬಟ್ಟೆಯನ್ನು ಕೇಳಿ ತರಬೇಕು. ಮೊದಲು ಉಕ್ಕಿಗೆ ಬರೀ ಎಪಾಕ್ಸಿ ತಿಕ್ಕಿ, ಸಂದಿಗೆ ಗಾಜಿನ ನಾರಿನ ಚೂರು ಬೆರೆಸಿದ ಎಪಾಕ್ಸಿ ತುಂಬಿ, ಅದು ಇನ್ನೂ ಹಸಿಯಿರುವಾಗಲೇ ಸಣ್ಣ ತುಂಡಿನಿಂದ ಆರಂಭಿಸಿ ದೊಡ್ಡದರವರೆಗೆ ಬಟ್ಟೆಯ ಪದರಗಳನ್ನು ಹಾಸಿ, ಗಾಳಿಗುಳ್ಳೆ ಉಳಿಯದಂತೆ ಬ್ರಷ್ಷಿನಿಂದ ತಟ್ಟಬೇಕು. ಎಪಾಕ್ಸಿಯ ಎರಡು ಭಾಗಗಳನ್ನು ಡಬ್ಬಿಯಲ್ಲಿ ಹೇಳಿದ ಪ್ರಮಾಣದಲ್ಲೇ ಬೆರೆಸಬೇಕು, ಬೇಗ ಗಟ್ಟಿಯಾಗಲೆಂದು ಹಾರ್ಡ್ನರ್ ಹೆಚ್ಚಿಸಬಾರದು. ಮೈಲುತುತ್ತು ತೂಗುವ ತಕ್ಕಡಿಯಿಂದ ಈ ಕೆಲಸವಾಗುವುದಿಲ್ಲ, ಗ್ರಾಮಿನ ಭಾಗವನ್ನು ತೋರಿಸುವ ಸಣ್ಣ ತಕ್ಕಡಿ ಬೇಕು. ಒಣಗಿದ ಎಪಾಕ್ಸಿಯ ಮೇಲೆ ತೇವದ ಹವೆಯಲ್ಲಿ ಮೇಣದಂಥ ಜಿಡ್ಡು ಕೂರುವುದುಂಟು. ಅದನ್ನು ಮೊದಲು ನೀರಿನಿಂದ ತಿಕ್ಕಿ ತೊಳೆಯಬೇಕು, ತೊಳೆಯದೆ ಉಜ್ಜಿದರೆ ಜಿಡ್ಡು ಒಳಗೆ ಹೊಕ್ಕು ಬಣ್ಣ ನಿಲ್ಲುವುದಿಲ್ಲ.

ಸೀಟಿನ ಕೆಳಗಿನ ಬಾಗುಗೆರೆಗಳಂಥ, ಕಬ್ಬಿಣವಿಲ್ಲದ ಕಡೆಗೆ ಪಾಲಿಯೆಸ್ಟರ್ ಮತ್ತು ಮ್ಯಾಟ್ ಸಾಕು. ಹೊಸ ಎಪಾಕ್ಸಿಯ ಮೇಲೆ ಮಾತ್ರ ಪಾಲಿಯೆಸ್ಟರ್ ಹಾಸಬಾರದು, ಹಿಡಿಯುವುದಿಲ್ಲ. ಪಾಲಿಯೆಸ್ಟರನ್ನು ಗಟ್ಟಿಯಾಗಿಸುವ ಕ್ಯಾಟಲಿಸ್ಟ್ ತೂಕದಲ್ಲಿ ನೂರಕ್ಕೆ ಒಂದರಿಂದ ಎರಡು; ನಮ್ಮ ಸೆಖೆಗೆ ಒಂದರ ಹತ್ತಿರವೇ ಸರಿ, ಆದರೆ ಕೆಲಸಕ್ಕೆ ಸಮಯ ಸಿಗಲೆಂದು ಒಂದಕ್ಕಿಂತ ಕಡಿಮೆ ಮಾಡಿದರೆ ರೆಸಿನ್ ಎಂದೆಂದಿಗೂ ಅರೆಬೆಂದಂತೆ ಉಳಿಯುತ್ತದೆ. ಅಂಗಡಿಯವರು ಗಟ್ಟಿಯಾಗುವುದನ್ನು ಚುರುಕುಗೊಳಿಸುವ ಕೋಬಾಲ್ಟ್ ಆಕ್ಸಿಲರೇಟರನ್ನು ಬೇರೆ ಸೀಸೆಯಲ್ಲಿ ಕೊಟ್ಟರೆ ಅದನ್ನು ಮೊದಲು ರೆಸಿನ್ನಿಗೆ ಪೂರ್ತಿ ಕಲಸಿ, ಆಮೇಲಷ್ಟೇ ಕ್ಯಾಟಲಿಸ್ಟ್ ಹಾಕಬೇಕು. ಆ ಎರಡು ಸೀಸೆಗಳ ದ್ರವ ಒಂದಕ್ಕೊಂದು ನೇರವಾಗಿ ಬೆರೆತರೆ ಸಿಡಿಯುತ್ತದೆ. ಅಳೆಯುವ ಸಿರಿಂಜನ್ನೂ ಎರಡಕ್ಕೆ ಎರಡು ಬೇರೆ ಇಡಬೇಕು. ಕ್ಯಾಟಲಿಸ್ಟಿನ ಒಂದು ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ ಎಂಬುದರಿಂದ ಕನ್ನಡಕವಿಲ್ಲದೆ ಆ ಸೀಸೆಯ ಮುಚ್ಚಳ ತೆಗೆಯಬಾರದು.

ಮತ್ತೆ ಪರೀಕ್ಷೆ

ಒಂದು ವಾರ ಬಿಟ್ಟು, ಬಣ್ಣ ಹಚ್ಚುವ ಮೊದಲೇ ಗೂಟದ ಪರೀಕ್ಷೆಯನ್ನೂ ನಾಣ್ಯದ ಪರೀಕ್ಷೆಯನ್ನೂ ಗೋಡೆ ಪರೀಕ್ಷೆಯನ್ನೂ ಅದೇ ಕ್ರಮದಲ್ಲಿ ಮಾಡಬೇಕು. ಕೊಳವೆ ಸರಿಯದೆ, ತಟ್ಟಿದಾಗ ಎಡಬಲ ಒಂದೇ ನುಡಿದು, ಆದರೂ ಗೋಡೆಯ ಹತ್ತಿರ ‘ಕಟ್’ ಎಂದರೆ ಸೀಟ್ ಪಿಲ್ಲರಿನ ಕೊಳವೆಗೂ ಫೋರ್ಕಿನ ಕೊಳವೆಗೂ ಅದೇ ನಾಲ್ಕು ಗೆರೆಗಳನ್ನು ಎಳೆದು ನೋಡಬೇಕು. ನನ್ನ ಎರಡನೆಯ ಸೈಕಲ್ಲಿನಲ್ಲಿ ದೋಷವಿದ್ದದ್ದು ಫೋರ್ಕಿನ ಕೊಳವೆಯಲ್ಲಿ, ಪೆಡಲಿಗೂ ಅದಕ್ಕೂ ಎರಡಡಿ ಅಂತರವಿದ್ದರೂ ಸದ್ದು ಮಾತ್ರ ಪೆಡಲಿನ ಲೆಕ್ಕದಲ್ಲೇ ಬರುತ್ತಿತ್ತು, ಏಕೆಂದರೆ ಬಲಗಾಲು ಒತ್ತಿದಾಗಲೆಲ್ಲ ಕೈಯೂ ಹ್ಯಾಂಡಲನ್ನು ಎಳೆಯುತ್ತದೆ. ಬಣ್ಣ ಹಚ್ಚಿದ ಮೇಲೂ ಒಂದು ಗೆರೆಯನ್ನು ಕ್ರ್ಯಾಂಕಿನ ಮರೆಯಲ್ಲಿ, ಕಬ್ಬಿಣದಿಂದ ಫೈಬರಿಗೆ ಹಾಯುವಂತೆ ಹಾಗೇ ಉಳಿಸಿದ್ದೇನೆ. ಬಸಿರಂಧ್ರಕ್ಕೆ ಸೊಳ್ಳೆಪರದೆಯ ಬಲೆಯ ಒಂದು ಚೂರನ್ನು ಅಂಟಿಸಿದೆ. ಮಳೆಗಾಲ ಶುರುವಾಗುವ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಸೈಕಲ್ಲನ್ನು ತಲೆಕೆಳಗು ಮಾಡಿ ಆ ಬಲೆಯನ್ನೂ ಗೆರೆಯನ್ನೂ ನೋಡಿ ನೋಟುಪುಸ್ತಕದಲ್ಲಿ ದಿನಾಂಕ ಬರೆಯುತ್ತೇನೆ.